ಶೇಂಗಾ ಎಣ್ಣೆಯಿಂದ ಔಷಧದ ಜೆಲ್: ಮೊದಲ ಬ್ಯಾಚ್‌ನಿಂದ ಬಿಡುಗಡೆಯ ಲೆಕ್ಕದವರೆಗೆ

ಚಳ್ಳಕೆರೆಗೆ ಎಣ್ಣೆ ನಗರಿ ಅನ್ನೋ ಹೆಸರಿದೆ. ಸುತ್ತಲಿನ ಕೆಂಪು ಮಣ್ಣಿನ ಹೊಲಗಳಲ್ಲಿ ಮಳೆ ನಂಬಿ ಬೆಳೆದ ಶೇಂಗಾ ಅಲ್ಲಿನ ಮಿಲ್ಲುಗಳಿಗೆ ಬರುತ್ತದೆ. ಇತ್ತ ದಾವಣಗೆರೆ, ಹರಿಹರದ ಕಡೆ ಭದ್ರಾ ನಾಲೆಯ ನೀರಿಗೆ ಭತ್ತ ಬೆಳೆಯುತ್ತಾರೆ, ಅಕ್ಕಿ ಗಿರಣಿಗಳಿವೆ, ಗಿರಣಿಯಿಂದ ತೌಡು ಬರುತ್ತದೆ. ತೌಡಿನ ಎಣ್ಣೆ ಶುದ್ಧ ಮಾಡುವಾಗ ಮೇಣವೂ ಸಿಗುತ್ತದೆ. ಎಣ್ಣೆಯನ್ನು ಮೇಣದಿಂದ ಜೆಲ್ ಮಾಡಿ, ಅದರಲ್ಲಿ ಔಷಧ ಇಟ್ಟು, ಅದು ಎಷ್ಟು ನಿಧಾನಕ್ಕೆ ಹೊರಬರುತ್ತದೆ ಅಂತ ಅಳೆಯುವುದು ಈ ಮಾರ್ಗದರ್ಶಿಯ ವಿಷಯ. ಅದಕ್ಕೆ ಬೇಕಾದ ಎರಡು ಮುಖ್ಯ ವಸ್ತುಗಳು, ಎಣ್ಣೆ ಮತ್ತು ಮೇಣ, ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳಿಗೆ ಹೊಸದೇನಲ್ಲ. ಚಿತ್ರದುರ್ಗ, ದಾವಣಗೆರೆ ಎರಡೂ ಊರಲ್ಲಿ ಫಾರ್ಮಸಿ ಕಾಲೇಜುಗಳೂ ಇವೆ. ಇದನ್ನು ಬರೆಯುತ್ತಿರುವುದು ಅಲ್ಲಿ ಎಂ.ಫಾರ್ಮ್ ಓದುತ್ತಾ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಮಕ್ಕಳಿಗಾಗಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜೆಲ್ ಗಟ್ಟಿಯಾಯಿತು ಅಂದರೆ ಔಷಧ ನಿಧಾನಕ್ಕೆ ಹೊರಬರುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅದು ಹಾಗಲ್ಲ. ಮೇಣ ಹಿಡಿದಿಡುವುದು ಎಣ್ಣೆಯನ್ನು. ಔಷಧ ಎಷ್ಟು ಬೇಗ ಹೊರಗೆ ಹೋಗಬೇಕು ಅನ್ನುವುದನ್ನು ಬಹುಪಾಲು ತೀರ್ಮಾನಿಸುವುದು ಔಷಧಕ್ಕೂ ಎಣ್ಣೆಗೂ ಇರುವ ನಂಟು. ಔಷಧ ಎಣ್ಣೆಯಲ್ಲಿ ಕರಗಿದೆಯೋ, ಸುಮ್ನೆ ಪುಡಿಯಾಗಿ ತೇಲುತ್ತಿದೆಯೋ? ಎಣ್ಣೆ ಬಿಟ್ಟು ನೀರಿಗೆ ಹೋಗಲು ಅದಕ್ಕೆ ಎಷ್ಟು ಇಷ್ಟ? ಈ ಎರಡು ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಮೇಣದ ಪ್ರಮಾಣ ಏರಿಸುತ್ತಾ ಇಳಿಸುತ್ತಾ ಕೂತರೆ ವರ್ಷ ಮುಗಿದರೂ ಕೆಲಸ ಮುಗಿಯುವುದಿಲ್ಲ.

ಇದು ಲ್ಯಾಬಿನ ಕೆಲಸದ ಮಾರ್ಗದರ್ಶಿ. ಮನೆಯಲ್ಲಿ ಮಾತ್ರೆ ಪುಡಿ ಮಾಡಿ ಎಣ್ಣೆಗೆ ಹಾಕಿ ಹಚ್ಚಿಕೊಳ್ಳಲು ಖಂಡಿತ ಅಲ್ಲ. ಇಲ್ಲಿ ತಯಾರಾಗುವ ಯಾವ ಜೆಲ್ ಅನ್ನೂ ಮನುಷ್ಯರ ಮೇಲೆ ಪ್ರಯೋಗಿಸಬೇಡಿ. ಅದಕ್ಕೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿವೆ, ಎಥಿಕ್ಸ್ ಕಮಿಟಿ ಇದೆ. ಪ್ರಾಣಿಗಳ ಮೇಲಾದರೆ ಕಾಲೇಜಿನ ಪ್ರಾಣಿ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು.

ಓಲಿಯೋಜೆಲ್ ಅಂದರೆ ಏನು

ಬಿಸಿ ಎಣ್ಣೆಯಲ್ಲಿ ಸ್ವಲ್ಪ ಜೇನುಮೇಣ ಕರಗಿಸಿ ಆರಲು ಬಿಡಿ. ಆರುತ್ತಾ ಹೋದಂತೆ ಮೇಣ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಾಗುತ್ತದೆ. ಆ ಹರಳುಗಳು ಒಂದಕ್ಕೊಂದು ತಾಗಿಕೊಂಡು ಇಡೀ ಪಾತ್ರೆಯ ತುಂಬಾ ಬಲೆ ಕಟ್ಟುತ್ತವೆ. ಎಣ್ಣೆ ಆ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡು ಹರಿಯುವುದನ್ನು ನಿಲ್ಲಿಸುತ್ತದೆ. ಇದೇ ಓಲಿಯೋಜೆಲ್. ಹಳೆಯ ಪುಸ್ತಕಗಳಲ್ಲಿ ಆರ್ಗನೋಜೆಲ್ ಅಂತ ಇರುತ್ತದೆ. ಬಲೆ ಕಟ್ಟುವ ವಸ್ತುವಿಗೆ ಜೆಲೇಟರ್ ಅನ್ನುತ್ತಾರೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ನೂರು ಗ್ರಾಂ ಜೆಲ್‌ನಲ್ಲಿ ತೊಂಬತ್ತು ಗ್ರಾಂ ಇನ್ನೂ ದ್ರವ ಎಣ್ಣೆಯೇ. ಐಬುಪ್ರೋಫೆನ್ ಅನ್ನೋ ನೋವಿನ ಔಷಧದಂಥ ಸಣ್ಣ ಅಣುವಿಗೆ ಮೇಣದ ಹರಳುಗಳ ನಡುವೆ ನುಸುಳಿ ಹೋಗಲು ಬೇಕಾದಷ್ಟು ದಾರಿ ಇರುತ್ತದೆ. ದಾರಿ ಸ್ವಲ್ಪ ಸುತ್ತಾಗುತ್ತದೆ, ಅಷ್ಟೇ.

ಹಾಗಾದರೆ ಜೆಲ್ ಯಾಕೆ ಬೇಕು? ಎಣ್ಣೆ ಹಚ್ಚಿದ ಜಾಗದಲ್ಲೇ ನಿಲ್ಲಲಿ ಅಂತ. ಬಾಯಿಯ ಮೂಲಕ ಕೊಟ್ಟರೆ ಹೊಟ್ಟೆ, ಕರುಳಲ್ಲಿ ಒಮ್ಮೆಲೇ ಹನಿಹನಿಯಾಗಿ ಒಡೆಯದಿರಲಿ ಅಂತ. ಪುಡಿಯಾಗಿರುವ ಔಷಧ ಬಾಟಲಿಯ ತಳ ಸೇರದಿರಲಿ ಅಂತ. ಮತ್ತೆ, ಇದರಲ್ಲಿ ನೀರಿಲ್ಲ. ನೀರು ತಾಗಿದರೆ ಕೆಡುವ ಔಷಧಕ್ಕೆ ಇದು ದೊಡ್ಡ ಅನುಕೂಲ.

ಎಣ್ಣೆಯಿಂದ ಔಷಧ ನಿಧಾನಕ್ಕೆ ಬಿಡುವುದು ಹೊಸ ಯೋಚನೆಯೂ ಅಲ್ಲ. ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೋಪೆರಿಡಾಲ್ ಡೆಕನೋಯೇಟ್ ಇಂಜೆಕ್ಷನ್ ಎಳ್ಳೆಣ್ಣೆಯಲ್ಲಿರುತ್ತದೆ. ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ ಕೊಟ್ಟರೆ ಸಾಕು. ಆರ್ಸೆನಿಕ್ ವಿಷಕ್ಕೆ ಕೊಡುವ ಡೈಮರ್ಕಾಪ್ರಾಲ್ ಶೇಂಗಾ ಎಣ್ಣೆಯಲ್ಲಿರುತ್ತದೆ. ಇವು ಜೆಲ್ ಅಲ್ಲ, ಬರೀ ಎಣ್ಣೆ. ಹ್ಯಾಲೋಪೆರಿಡಾಲ್ ವಿಷಯದಲ್ಲಿ ಅಣುವಿಗೆ ಕೊಬ್ಬಿನ ಬಾಲ ಜೋಡಿಸಿ ಅದು ಎಣ್ಣೆಯನ್ನು ಸುಲಭಕ್ಕೆ ಬಿಡದಂತೆ ಮಾಡಿದ್ದಾರೆ. ಮೇಲೆ ಹೇಳಿದ ನಂಟಿನ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹಂತ 1: ಎಣ್ಣೆ ಆರಿಸುವುದು

"ಮೇಡಂ, ಗಾಣದ ಎಣ್ಣೆನೇ ಶುದ್ಧ ಅಲ್ವಾ?" ಅಂತ ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಕೇಳುತ್ತಾರೆ. ಅಡುಗೆಗೆ ಅದು ರುಚಿ, ನಿಜ. ಔಷಧಕ್ಕೆ ಬೇಡ. ಗಾಣದ ಎಣ್ಣೆಯಲ್ಲಿ ಬಿಡುಗಡೆಯಾದ ಕೊಬ್ಬಿನಾಮ್ಲ, ಬಣ್ಣ, ಅಂಟು ಪದಾರ್ಥ ಎಲ್ಲ ಉಳಿದಿರುತ್ತದೆ, ಒಂದು ಸಲದ ಎಣ್ಣೆ ಇನ್ನೊಂದು ಸಲದಂತೆ ಇರುವುದಿಲ್ಲ. ಶೇಂಗಾ ಕಾಯಿ ತೇವಕ್ಕೆ ಸಿಕ್ಕಿ ಬೂಸ್ಟು ಹಿಡಿದಿದ್ದರೆ ಅಫ್ಲಾಟಾಕ್ಸಿನ್ ಅನ್ನೋ ವಿಷದ ಭಯವೂ ಇದೆ. ಅದರ ಬಹುಪಾಲು ಹಿಂಡಿಯಲ್ಲೇ ಉಳಿದರೂ, ಶುದ್ಧೀಕರಿಸದ ಎಣ್ಣೆಗೂ ಸ್ವಲ್ಪ ಬರಬಹುದು. ಕ್ಷಾರ ಹಾಕಿ ರಿಫೈನ್ ಮಾಡಿದಾಗ ಅದು ಹೋಗುತ್ತದೆ. ಆದ್ದರಿಂದ ಫಾರ್ಮಕೋಪಿಯಾ, ಅಂದರೆ ಔಷಧ ವಸ್ತುಗಳ ಗುಣಮಟ್ಟದ ಅಧಿಕೃತ ಪುಸ್ತಕ, ಹೇಳುವ ದರ್ಜೆಯ ಎಣ್ಣೆ ತರಿಸಿ. ಕ್ಯಾಟಲಾಗಿನಲ್ಲಿ ಶೇಂಗಾ ಎಣ್ಣೆಯ ಹೆಸರು ಅರಾಕಿಸ್ ಆಯಿಲ್ ಅಂತ ಇರುತ್ತದೆ. ಬಾಟಲಿ ತೆರೆದ ದಿನವೇ ಆಸಿಡ್ ವ್ಯಾಲ್ಯೂ, ಪೆರಾಕ್ಸೈಡ್ ವ್ಯಾಲ್ಯೂ ಎರಡನ್ನೂ ಟೈಟ್ರೇಷನ್ ಮಾಡಿ ಬರೆದಿಟ್ಟುಕೊಳ್ಳಿ. ಆಮೇಲೆ ಎಣ್ಣೆ ಎಷ್ಟು ಕಮಟಾಯಿತು ಅಂತ ತಿಳಿಯಲು ಆ ಎರಡು ಸಂಖ್ಯೆಗಳೇ ಆಧಾರ.

ಶೇಂಗಾ ಎಣ್ಣೆಗೆ ಒಂದು ದೊಡ್ಡ ತೊಡಕಿದೆ: ಅಲರ್ಜಿ. ಶೇಂಗಾ ಅಲರ್ಜಿ ಇರುವವರಿಗೆ ಇದು ಕೂಡದು, ಈ ಎಣ್ಣೆ ಇರುವ ಔಷಧದ ಲೇಬಲ್ ಮೇಲೆ ಎಚ್ಚರಿಕೆ ಬೇಕು. ನಿಮ್ಮ ಪ್ರಾಜೆಕ್ಟ್ ರಿಪೋರ್ಟಿನಲ್ಲೂ ಇದನ್ನು ಬರೆಯಲೇಬೇಕು. ಇದು ಬೇಡ ಅನ್ನಿಸಿದರೆ ಸೂರ್ಯಕಾಂತಿ ಎಣ್ಣೆ ತೆಗೆದುಕೊಳ್ಳಿ, ಕೆಳಗಿನ ವಿಧಾನ ಅದಕ್ಕೂ ಹೊಂದುತ್ತದೆ. ಹರಳೆಣ್ಣೆ ಮಾತ್ರ ಬೇರೆ ಜಾತಿ. ಅದರ ಕೊಬ್ಬಿನಾಮ್ಲದಲ್ಲಿ ಹೈಡ್ರಾಕ್ಸಿಲ್ ಗುಂಪು ಇರುವುದರಿಂದ ಔಷಧ ಕರಗುವ ರೀತಿಯೂ ಜೆಲ್ ಕಟ್ಟುವ ರೀತಿಯೂ ಬೇರೆಯಾಗುತ್ತದೆ. ಕೊಬ್ಬರಿ ಎಣ್ಣೆ ಚಳಿಗೆ ತಾನೇ ಹೆಪ್ಪುಗಟ್ಟುತ್ತದೆ. ಮೇಣದ ಕೆಲಸ ಯಾವುದು, ಎಣ್ಣೆಯ ಕೆಲಸ ಯಾವುದು ಅಂತ ಬಿಡಿಸಿ ನೋಡುವುದು ಕಷ್ಟ. ಮೊದಲ ಕೆಲಸಕ್ಕೆ ಅದನ್ನು ಹಿಡಿಯಬೇಡಿ.

ಹಂತ 2: ಜೆಲೇಟರ್ ಆರಿಸುವುದು

ಆಯ್ಕೆ ಬಹಳ ಇವೆ. ಆದರೆ ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಒಂದೇ: ಜೇನುಮೇಣ. 62ರಿಂದ 65 ಡಿಗ್ರಿಗೆ ಕರಗುತ್ತದೆ, ವಾಟರ್ ಬಾತ್ ಸಾಕು. ನೂರಕ್ಕೆ ಐದರ ಆಸುಪಾಸಿನಲ್ಲೇ ಹೆಚ್ಚಿನ ಎಣ್ಣೆಗಳನ್ನು ಹಿಡಿಯಲು ಶುರುಮಾಡುತ್ತದೆ, ಫಾರ್ಮಕೋಪಿಯಾದಲ್ಲೂ ಇದೆ. ತೌಡಿನ ಮೇಣ ಇನ್ನೂ ಹೆಚ್ಚು, ಅಂದರೆ 80 ಡಿಗ್ರಿಯ ಹತ್ತಿರ ಕರಗುತ್ತದೆ, ಕಡಿಮೆ ಪ್ರಮಾಣದಲ್ಲೇ ಗಟ್ಟಿ ಜೆಲ್ ಕೊಡುತ್ತದೆ. ನಮ್ಮ ಭಾಗದ ವಸ್ತು ಅನ್ನೋ ಕಾರಣಕ್ಕೆ ನನಗೆ ಅದರ ಮೇಲೆ ಆಸೆ ಜಾಸ್ತಿ. ಆದರೆ ಗಿರಣಿಯಿಂದ ಬರುವ ಕಚ್ಚಾ ಮೇಣದಲ್ಲಿ ಎಣ್ಣೆ, ಅಂಟು ಎಲ್ಲ ಇರುತ್ತದೆ. ಅದನ್ನು ಶುದ್ಧ ಮಾಡುವುದೇ ಬೇರೊಂದು ಪ್ರಾಜೆಕ್ಟ್.

ಸ್ಪ್ಯಾನ್ 60 (ಸಾರ್ಬಿಟಾನ್ ಮೋನೋಸ್ಟಿಯರೇಟ್) ಅನ್ನೋ ಜೆಲೇಟರ್ ಕೂಡ ಲ್ಯಾಬುಗಳಲ್ಲಿ ಬಹಳ ಬಳಕೆಯಲ್ಲಿದೆ. ಆದರೆ ಅದು ಸಾಮಾನ್ಯವಾಗಿ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ಬೇಕು, ಕರಗುವ ಉಷ್ಣತೆಯೂ ಕಡಿಮೆ. ಏಪ್ರಿಲ್ ತಿಂಗಳ ದಾವಣಗೆರೆಯ ಬಿಸಿಲಿಗೆ ಅದು ಮೆತ್ತಗಾಗುವ ಸಾಧ್ಯತೆ ಹೆಚ್ಚು. 12-ಹೈಡ್ರಾಕ್ಸಿಸ್ಟಿಯರಿಕ್ ಆಸಿಡ್ ಹರಳೆಣ್ಣೆಯ ಆಮ್ಲದಿಂದಲೇ ತಯಾರಾಗುವ ವಸ್ತು, ತೀರಾ ಕಡಿಮೆ ಪ್ರಮಾಣದಲ್ಲಿ ಅಚ್ಚುಕಟ್ಟಾದ ಜೆಲ್ ಕೊಡುತ್ತದೆ. ಎರಡನೇ ಪ್ರಾಜೆಕ್ಟಿಗೆ ಒಳ್ಳೆಯದು. ಈಥೈಲ್ ಸೆಲ್ಯುಲೋಸ್‌ಗೆ ಎಣ್ಣೆಯನ್ನು 140 ಡಿಗ್ರಿಯಷ್ಟು ಕಾಯಿಸಬೇಕು. ಅಷ್ಟು ಬಿಸಿಗೆ ಎಣ್ಣೆ ಬೇಗ ಕೆಡುತ್ತದೆ. ಲೆಸಿತಿನ್ ಜೆಲ್‌ಗಳ ಕಥೆ 1988ರಲ್ಲಿ ಶುರುವಾಯಿತು. ಲೆಸಿತಿನ್ ದ್ರಾವಣಕ್ಕೆ ಚೂರೇ ಚೂರು ನೀರು ಸೇರಿಸಿದರೆ ಜೆಲ್ ಆಗುತ್ತದೆ ಅಂತ ಸ್ವಿಟ್ಜರ್ಲೆಂಡಿನಲ್ಲಿ ಸ್ಕಾರ್ಟಝೀನಿ ಮತ್ತು ಲೂಯಿಸಿ ತೋರಿಸಿದರು. ಚರ್ಮದ ಔಷಧಕ್ಕೆ ಅದು ಚೆನ್ನ, ಆದರೆ ನೀರು ಸ್ವಲ್ಪ ಹೆಚ್ಚಾದರೂ ಬೇರೆಬೇರೆಯಾಗಿಬಿಡುತ್ತದೆ.

ಹಂತ 3: ಔಷಧ ಎಣ್ಣೆಯಲ್ಲಿ ಎಷ್ಟು ಕರಗುತ್ತದೆ ಅಂತ ನೋಡುವುದು

ಜನ ಬಿಟ್ಟುಬಿಡುವ ಹಂತ ಇದು. ದಯವಿಟ್ಟು ಬಿಡಬೇಡಿ.

ಉದಾಹರಣೆಗೆ ಐಬುಪ್ರೋಫೆನ್ ಇಟ್ಟುಕೊಳ್ಳೋಣ. ಎಣ್ಣೆಯನ್ನು ಇಷ್ಟಪಡುವ ಔಷಧ, ಲಾಗ್ ಪಿ (ನೀರಿಗಿಂತ ಎಣ್ಣೆಯಂಥ ದ್ರವದ ಕಡೆ ಎಷ್ಟು ಒಲವು ಅನ್ನುವ ಅಳತೆ) ಸುಮಾರು 4. ಫಾಸ್ಫೇಟ್ ಬಫರ್‌ನಲ್ಲಿ (ಪಿ.ಎಚ್. ಸ್ಥಿರವಾಗಿಡುವ ದ್ರಾವಣ) ಕರಗಿಸಿ, ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಯು.ವಿ. ಯಂತ್ರದಲ್ಲಿ ಸುಮಾರು 222 ನ್ಯಾನೋಮೀಟರ್ ಹತ್ತಿರ ಓದಬಹುದು. ಇದೇ ಜಾಗದಲ್ಲಿ ಡೈಕ್ಲೋಫೆನಾಕ್ ಸೋಡಿಯಂ ತೆಗೆದುಕೊಂಡರೆ ಕಥೆ ಪೂರ್ತಿ ಬೇರೆ. ಅದು ಲವಣ. ಎಣ್ಣೆಯಲ್ಲಿ ಕರಗುವುದಿಲ್ಲ ಅಂತಲೇ ಹೇಳಬಹುದು, ಪುಡಿಯಾಗಿ ತೇಲುತ್ತದೆ.

ಮುಚ್ಚಳದ ಸಣ್ಣ ಬಾಟಲಿಯಲ್ಲಿ ಎರಡು ಗ್ರಾಂ ಎಣ್ಣೆ ಹಾಕಿ. ಕರಗದೆ ಉಳಿಯುವಷ್ಟು ಔಷಧ ಸೇರಿಸಿ. 32 ಡಿಗ್ರಿಯಲ್ಲಿ ಎರಡು ದಿನ ಶೇಕರ್ ಮೇಲೆ ಇಡಿ. ಚರ್ಮದ ಮೇಲ್ಮೈಯ ಉಷ್ಣತೆ ಅದು, ಅದಕ್ಕೇ 32. ಬಳಿಕ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ಎಣ್ಣೆಯನ್ನು ತೂಗಿ, ಮೆಥನಾಲ್ ಹಾಕಿ ಕಲಕಿ ಔಷಧವನ್ನು ಅದಕ್ಕೆ ಎಳೆದುಕೊಳ್ಳಿ. ಒಂದು ಸಲ ಸಾಲದು, ಎರಡು ಮೂರು ಸಲ ಎಳೆಯಿರಿ. ಔಷಧ ಹಾಕದ ಎಣ್ಣೆಯನ್ನೂ ಹೀಗೇ ಮಾಡಿ ಬ್ಲಾಂಕ್ ಆಗಿ, ಅಂದರೆ ಹೋಲಿಸಿ ಕಳೆಯುವ ಮಾದರಿಯಾಗಿ ಇಟ್ಟುಕೊಳ್ಳಿ. ಎಣ್ಣೆ ಕೆಡುವಾಗ ಆಗುವ ಪದಾರ್ಥಗಳು 230ರ ಆಸುಪಾಸಿನಲ್ಲಿ ಬೆಳಕು ಹೀರುತ್ತವೆ, ನಮ್ಮ ಐಬುಪ್ರೋಫೆನ್ ಇರುವುದು ಅದರ ಪಕ್ಕದಲ್ಲೇ. ಬ್ಲಾಂಕ್ ಇಲ್ಲದಿದ್ದರೆ ಎಣ್ಣೆಯನ್ನೇ ಔಷಧ ಅಂತ ಲೆಕ್ಕ ಹಾಕಿಬಿಡುತ್ತೀರಿ. ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಎಚ್.ಪಿ.ಎಲ್.ಸಿ. ಯಂತ್ರ ಸಿಗುವುದಾದರೆ ಯು.ವಿ. ಬಿಟ್ಟು ಅದರಲ್ಲೇ ಮಾಡಿ.

ನೀವು ಹಾಕಬೇಕೆಂದಿರುವ ಪ್ರಮಾಣ ಈ ಸಂಖ್ಯೆಗಿಂತ ಕಡಿಮೆಯಾಗಿದ್ದರೆ ಔಷಧ ಕರಗಿಯೇ ಇರುತ್ತದೆ. ಮೀರಿದರೆ ಹೆಚ್ಚಾದದ್ದು ಜೆಲ್ ಆರುವಾಗ ಹರಳಾಗಿ ಬೀಳುತ್ತದೆ. ಎರಡರಲ್ಲಿ ಯಾವುದೂ ತಪ್ಪಲ್ಲ. ಯಾವುದು ಅಂತ ಗೊತ್ತಿರಬೇಕು, ಅಷ್ಟೇ.

ಹಂತ 4: ಎಷ್ಟು ಮೇಣ ಸಾಕು

ನೂರಕ್ಕೆ 2, 4, 6, 8, 10, 12 ಭಾಗ ಮೇಣ ಹಾಕಿ ಆರು ಟೆಸ್ಟ್ ಟ್ಯೂಬ್ ತಯಾರಿಸಿ. ಔಷಧ ಬೇಡ. ಒಂದು ದಿನ 25 ಡಿಗ್ರಿಯಲ್ಲಿಟ್ಟು, ಆಮೇಲೆ ಟ್ಯೂಬನ್ನು ತಲೆಕೆಳಗು ಮಾಡಿ ಅರ್ಧ ಗಂಟೆ ಬಿಡಿ. ಜಾರದೆ ನಿಂತ ಮೊದಲ ಟ್ಯೂಬಿನ ಪ್ರಮಾಣವೇ ಜೆಲ್ ಕಟ್ಟಲು ಬೇಕಾದ ಕನಿಷ್ಠ ಮೇಣ. ನಿಮ್ಮ ಜೆಲ್‌ಗೆ ಅದಕ್ಕಿಂತ ಎರಡು ಮೂರು ಭಾಗ ಹೆಚ್ಚಿಟ್ಟುಕೊಳ್ಳಿ. ಔಷಧ ಸೇರಿದಾಗ ಕೆಲವೊಮ್ಮೆ ಬಲೆ ಸಡಿಲವಾಗುತ್ತದೆ. ಆದ್ದರಿಂದ ಔಷಧ ಹಾಕಿಯೂ ಒಮ್ಮೆ ಈ ಪರೀಕ್ಷೆ ಮಾಡಿ.

ಹಂತ 5: ಬ್ಯಾಚ್ ಮಾಡುವುದು

20 ಗ್ರಾಂ ಬ್ಯಾಚಿಗೆ ಶೇಂಗಾ ಎಣ್ಣೆ 17.8 ಗ್ರಾಂ, ಜೇನುಮೇಣ 2 ಗ್ರಾಂ, ಐಬುಪ್ರೋಫೆನ್ 0.2 ಗ್ರಾಂ. ಅಂದರೆ ಮೇಣ ನೂರಕ್ಕೆ 10, ಔಷಧ ನೂರಕ್ಕೆ 1. ಅಂಗಡಿಯಲ್ಲಿ ಸಿಗುವ ಐಬುಪ್ರೋಫೆನ್ ಜೆಲ್‌ನಲ್ಲಿ ಸಾಮಾನ್ಯವಾಗಿ ನೂರಕ್ಕೆ 5 ಇರುತ್ತದೆ. ಕಲಿಯುವುದಕ್ಕೆ 1 ಸಾಕು.

ಎಣ್ಣೆ, ಮೇಣ ಎರಡನ್ನೂ ಬೀಕರಿನಲ್ಲಿ ಹಾಕಿ ವಾಟರ್ ಬಾತ್ ಮೇಲೆ 75ರಿಂದ 80 ಡಿಗ್ರಿಗೆ ತನ್ನಿ. ನೇರ ಉರಿ ಬೇಡ. ಮೇಣ ಕರಗಿ ತಿಳಿಯಾಯಿತು ಅಂತ ಕೂಡಲೇ ಇಳಿಸಬೇಡಿ. ಇನ್ನೂ ಹದಿನೈದು ಇಪ್ಪತ್ತು ನಿಮಿಷ ಅದೇ ಬಿಸಿಯಲ್ಲಿ ಬಿಡಿ. ಕಣ್ಣಿಗೆ ಕಾಣದ ಹಳೆಯ ಹರಳಿನ ಚೂರುಗಳು ಉಳಿದಿದ್ದರೆ, ಆರುವಾಗ ಹೊಸ ಹರಳು ಅವುಗಳ ಸುತ್ತಲೇ ಬೆಳೆಯುತ್ತವೆ, ಪ್ರತಿ ಬ್ಯಾಚೂ ಒಂದೊಂದು ರೀತಿ ಬರುತ್ತದೆ. ಬಳಿಕ 65 ಡಿಗ್ರಿಗೆ ಇಳಿಸಿ ಔಷಧ ಹಾಕಿ. ಐಬುಪ್ರೋಫೆನ್ ತಾನೇ 75ರಿಂದ 78 ಡಿಗ್ರಿಗೆ ಕರಗುವ ವಸ್ತು, ಸುಮ್ಮನೆ ಹೆಚ್ಚು ಬಿಸಿ ತಾಗಿಸುವುದು ಬೇಡ. ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ತಿಳಿಯಾಗುವವರೆಗೆ ತಿರುಗಿಸಿ. ಎಣ್ಣೆ ಕಮಟಾಗದಿರಲು ಬಿ.ಎಚ್.ಟಿ. ಅನ್ನೋ ಸಂರಕ್ಷಕ ಅಥವಾ ವಿಟಮಿನ್ ಇ ಸೇರಿಸುವುದಿದ್ದರೆ ಇದೇ ಹೊತ್ತಿಗೆ ಸೇರಿಸಿ. ಬ್ಲಾಂಕ್ ಜೆಲ್‌ಗೂ ಅಷ್ಟೇ ಹಾಕಿ.

ಈಗ ಮುಖ್ಯವಾದದ್ದು, ತಣಿಸುವುದು. ತುಪ್ಪ ನಿಧಾನಕ್ಕೆ ಆರಿದರೆ ಮರಳು ಮರಳಾಗುತ್ತದೆ, ಬೇಗ ತಣಿದರೆ ನುಣ್ಣಗೆ ಕೂರುತ್ತದೆ, ಅಲ್ವಾ? ಮೇಣದ ಜೆಲ್‌ನಲ್ಲೂ ಅದೇ ಆಗುವುದು. ನಿಧಾನ ಆರಿದರೆ ಹರಳು ಕಡಿಮೆ, ಆದರೆ ದೊಡ್ಡವು, ನಡುವಿನ ಜಾಗವೂ ದೊಡ್ಡದು. ಆ ಜಾಗದಿಂದ ಎಣ್ಣೆ ಒಸರಲು ಶುರುವಾಗುತ್ತದೆ. ಬೇಗ ತಣಿಸಿದರೆ ಸಣ್ಣ ಹರಳು ಬಹಳ, ಎಣ್ಣೆ ಸಾಮಾನ್ಯವಾಗಿ ಚೆನ್ನಾಗಿ ಹಿಡಿಯುತ್ತದೆ. ಇದಕ್ಕೇ "ರೂಮ್ ಟೆಂಪರೇಚರ್‌ನಲ್ಲಿ ತಣಿಸಲಾಯಿತು" ಅಂತ ರೆಕಾರ್ಡಿನಲ್ಲಿ ಬರೆದರೆ ನನಗೆ ಸಮಾಧಾನವಿಲ್ಲ. ನಮ್ಮೂರಲ್ಲಿ ಡಿಸೆಂಬರ್ ಬೆಳಗಿನ ರೂಮ್ ಬೇರೆ, ಮೇ ಮಧ್ಯಾಹ್ನದ ರೂಮ್ ಬೇರೆ. ಡಿಸೆಂಬರಿನಲ್ಲಿ ಚೆನ್ನಾಗಿ ಬಂದ ಜೆಲ್ ಮೇ ತಿಂಗಳಲ್ಲಿ ಎಣ್ಣೆ ಬಿಟ್ಟರೆ ಆಶ್ಚರ್ಯವೇನಿಲ್ಲ. 25 ಡಿಗ್ರಿಯ ವಾಟರ್ ಬಾತ್‌ನಲ್ಲಿಟ್ಟು ತಣಿಸಿ, ಎಷ್ಟು ನಿಮಿಷ ಹಿಡಿಯಿತು ಅಂತಲೂ ಬರೆಯಿರಿ. ಜಾಡಿಯ ಅಳತೆ ಕೂಡ ಬರೆಯಿರಿ. ದೊಡ್ಡ ಜಾಡಿಯ ನಡುಭಾಗ ಅಂಚಿಗಿಂತ ನಿಧಾನ ಆರುತ್ತದೆ.

ಕರಗಿದ ಔಷಧವಾದರೆ ಇನ್ನೂ ತಿಳಿಯಾಗಿರುವಾಗಲೇ ಸ್ಟಿರರ್ ನಿಲ್ಲಿಸಿ ಜಾಡಿಗೆ ಸುರಿಯಿರಿ. ಹರಳು ಕಟ್ಟಲು ಶುರುವಾದ ಮೇಲೆ ತಿರುಗಿಸಿದರೆ ಆಗಷ್ಟೇ ಕಟ್ಟುತ್ತಿರುವ ಬಲೆ ಹರಿದುಹೋಗುತ್ತದೆ, ಮತ್ತೆ ಪೂರ್ತಿ ಕೂಡುವುದಿಲ್ಲ. ಪುಡಿ ತೇಲುವ ಔಷಧವಾದರೆ ಇಲ್ಲಿ ಒದ್ದಾಟ ಇದೆ. ಬೇಗ ನಿಲ್ಲಿಸಿದರೆ ಪುಡಿ ತಳಕ್ಕೆ ಹೋಗುತ್ತದೆ, ತಡವಾಗಿ ನಿಲ್ಲಿಸಿದರೆ ಬಲೆ ಕೆಡುತ್ತದೆ. ಮಸುಕಾಗಲು ಶುರುವಾದ ಕ್ಷಣ ನಿಲ್ಲಿಸಿ ಕೂಡಲೇ ತಣ್ಣೀರಿಗಿಡುವುದು ಒಳ್ಳೆಯ ದಾರಿ. ಪುಡಿಯನ್ನು ಮೊದಲೇ ನುಣ್ಣಗೆ ಮಾಡಿ ಜರಡಿ ಹಿಡಿದಿರಬೇಕು.

ಇದೇ ಹೊತ್ತಿಗೆ ಇನ್ನೂ ಎರಡು ಮಾದರಿ ತಯಾರಿಸಿ: ಔಷಧವಿಲ್ಲದ ಜೆಲ್, ಮತ್ತು ಮೇಣವಿಲ್ಲದ ಎಣ್ಣೆಯಲ್ಲಿ ಅಷ್ಟೇ ಔಷಧ. ಮುಂದೆ ಈ ಎರಡೂ ಬೇಕೇ ಬೇಕು.

ಹಂತ 6: ಜೆಲ್ ಸರಿ ಇದೆಯೇ

ಒಂದು ದಿನ ಬಿಟ್ಟು ನೋಡಿ. ಮೇಲೆ ಎಣ್ಣೆ ನಿಂತಿದೆಯೇ? ಬೆರಳಲ್ಲಿ ಉಜ್ಜಿದರೆ ಮರಳಿನಂತೆ ತಾಗುತ್ತದೆಯೇ? ಔಷಧವಿಲ್ಲದ ಜೆಲ್ ಅನ್ನು ಗ್ಲೌಸ್ ಹಾಕಿದ ಬೆರಳಲ್ಲಿ ಉಜ್ಜಿದರೆ ಸಾಕು.

ಎಣ್ಣೆ ಹಿಡಿಯುವ ಶಕ್ತಿಗೆ ಸೆಂಟ್ರಿಫ್ಯೂಜ್ ಸಾಕು. ತೂಗಿದ ಸಣ್ಣ ಟ್ಯೂಬಿಗೆ ಒಂದು ಗ್ರಾಂ ಬಿಸಿ ಮಿಶ್ರಣ ಸುರಿದು ಅಲ್ಲೇ ಜೆಲ್ ಆಗಲು ಬಿಡಿ. ಮರುದಿನ 10,000 ಆರ್.ಪಿ.ಎಂ.ನಲ್ಲಿ 15 ನಿಮಿಷ ತಿರುಗಿಸಿ, ಬಿಟ್ಟ ಎಣ್ಣೆಯನ್ನು ಬಸಿದು ತೂಗಿ. ನೂರು ಮಿಲಿಗ್ರಾಂ ಎಣ್ಣೆ ಬಿಟ್ಟರೆ ಹಿಡಿದದ್ದು ನೂರಕ್ಕೆ 90. ಎಲ್ಲ ಬ್ಯಾಚಿಗೂ ಅದೇ ವೇಗ, ಅದೇ ಹೊತ್ತು ಇರಲಿ.

ಸೂಕ್ಷ್ಮದರ್ಶಕದಲ್ಲಿ ಹರಳು ನೋಡುವುದು ನನಗೆ ತುಂಬಾ ಇಷ್ಟದ ಕೆಲಸ. ಪೋಲರೈಸ್ಡ್ ಬೆಳಕಿನ ಮೈಕ್ರೋಸ್ಕೋಪ್ ಇಲ್ಲದಿದ್ದರೆ ಎರಡು ಪೋಲರಾಯ್ಡ್ ಹಾಳೆಯ ತುಂಡು ಸಾಕು. ಒಂದನ್ನು ಸ್ಲೈಡಿನ ಕೆಳಗೆ, ಇನ್ನೊಂದನ್ನು ಕಣ್ಣಿಡುವ ಮಸೂರದ ಮೇಲೆ ಇಟ್ಟು ಮೇಲಿನದನ್ನು ಹಿನ್ನೆಲೆ ಕಪ್ಪಾಗುವವರೆಗೆ ತಿರುಗಿಸಿ. ಎಣ್ಣೆ ಕಪ್ಪಾಗಿಯೇ ಉಳಿಯುತ್ತದೆ. ಮೇಣದ ಹರಳು ಬೆಳ್ಳನೆಯ ಸಣ್ಣ ಸೂಜಿಗಳಂತೆ ಹೊಳೆಯುತ್ತವೆ. ಕರಗದ ಔಷಧವೂ ಹೊಳೆಯುತ್ತದೆ, ಆದ್ದರಿಂದ ಔಷಧವಿಲ್ಲದ ಜೆಲ್‌ನ ಸ್ಲೈಡ್ ಪಕ್ಕದಲ್ಲಿಟ್ಟು ಹೋಲಿಸಿ. ಮೂರನೇ ಹಂತದಲ್ಲಿ ಕರಗಿದೆ ಅಂದುಕೊಂಡ ಔಷಧ ಒಂದು ವಾರದ ನಂತರ ಹರಳಾಗಿ ಬಿದ್ದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಔಷಧ ಸಮವಾಗಿ ಹರಡಿದೆಯೇ ಅಂತ ತಿಳಿಯಲು ಜಾಡಿಯ ಮೇಲ್ಭಾಗ, ನಡು, ತಳ, ಮೂರು ಕಡೆಯಿಂದ ಅರ್ಧರ್ಧ ಗ್ರಾಂ ತೆಗೆದು ಮೆಥನಾಲ್‌ನಲ್ಲಿ ಎಳೆದು ಅಳೆಯಿರಿ. ಜೆಲ್ ಎಷ್ಟು ಗಟ್ಟಿ, ಹೇಗೆ ಹರಿಯುತ್ತದೆ ಅಂತ ಅಳೆಯುವ ರಿಯೋಮೀಟರ್, ಬಿಸಿ ಮಾಡುತ್ತಾ ವಸ್ತು ಹೀರುವ ಶಾಖ ಅಳೆಯುವ ಡಿ.ಎಸ್.ಸಿ. ಸೌಲಭ್ಯವಿದ್ದರೆ ಅವೂ ಆಗಲಿ. ಡಿ.ಎಸ್.ಸಿ.ಯಲ್ಲಿ ಜೆಲ್ ಕರಗುವ ಉಷ್ಣತೆ ಸಿಗುತ್ತದೆ. ಎಣ್ಣೆಯೊಳಗಿನ ಮೇಣ ಶುದ್ಧ ಮೇಣಕ್ಕಿಂತ ಕಡಿಮೆ ಬಿಸಿಗೇ ಕರಗುತ್ತದೆ, ಬೇಸಿಗೆಯ ವಿಷಯ ಬಂದಾಗ ಈ ಸಂಖ್ಯೆ ಬೇಕಾಗುತ್ತದೆ.

ಹಂತ 7: ಔಷಧ ಬಿಡುಗಡೆಯನ್ನು ಅಳೆಯುವುದು

ಇದಕ್ಕೆ ಫ್ರಾಂಜ್ ಡಿಫ್ಯೂಷನ್ ಸೆಲ್ ಬಳಸುತ್ತೇವೆ. ಕೆಳಗೆ ಬಫರ್ ತುಂಬಿದ ಗಾಜಿನ ಕೋಣೆ, ಮೇಲೆ ಜೆಲ್ ಇಡುವ ಕೋಣೆ, ನಡುವೆ ಪೊರೆ. ನಮ್ಮ ಲೆಕ್ಕಕ್ಕೆ ಕೆಳಕೋಣೆ 12 ಮಿಲಿ, ಬಾಯಿಯ ಅಗಲ 15 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಅಂದರೆ ಔಷಧ ದಾಟುವ ಜಾಗ 1.77 ಚದರ ಸೆಂಟಿಮೀಟರ್.

ಡಯಾಲಿಸಿಸ್ ಪೊರೆಯನ್ನು ರಾತ್ರಿಯಿಡೀ ಬಫರ್‌ನಲ್ಲಿ ನೆನೆಸಿ. ಪಿ.ಎಚ್. 7.4 ಫಾಸ್ಫೇಟ್ ಬಫರ್ ಅನ್ನು ಮೊದಲೇ ಬಿಸಿ ಮಾಡಿ ಅದರಲ್ಲಿನ ಗಾಳಿ ತೆಗೆದಿರಬೇಕು. ಇಲ್ಲದಿದ್ದರೆ 32 ಡಿಗ್ರಿಗೆ ಬರುತ್ತಲೇ ಪೊರೆಯ ಕೆಳಗೆ ಗುಳ್ಳೆ ಕೂರುತ್ತದೆ. ಗುಳ್ಳೆ ಇರುವಷ್ಟು ಜಾಗದಲ್ಲಿ ಔಷಧ ದಾಟುವುದಿಲ್ಲ. ಸೆಲ್ಲನ್ನು ಓರೆ ಮಾಡಿ ಗುಳ್ಳೆಯನ್ನು ಪಕ್ಕದ ಕೊಳವೆಯಿಂದ ಹೊರಗೆ ಬಿಡಿ. ಪ್ರತಿ ಸಲ ಮಾದರಿ ತೆಗೆದ ಮೇಲೂ ಟಾರ್ಚ್ ಹಿಡಿದು ನೋಡಿ. ಅರ್ಧ ಗ್ರಾಂ ಜೆಲ್ ಅನ್ನು ಪೊರೆಯ ಮೇಲೆ ಸಮವಾಗಿ ಹರಡಿ. ಅದರಲ್ಲಿ 5 ಮಿಲಿಗ್ರಾಂ, ಅಂದರೆ 5000 ಮೈಕ್ರೋಗ್ರಾಂ ಔಷಧ ಇರುತ್ತದೆ. ಅಷ್ಟೂ ಇಳಿದು ಬಂದರೂ ಬಫರ್‌ಗೆ ಅದು ಭಾರವಾಗಬಾರದು. ಪಿ.ಎಚ್. 7.4ರಲ್ಲಿ ಐಬುಪ್ರೋಫೆನ್ ಚೆನ್ನಾಗಿ ಕರಗುವುದರಿಂದ ಇಲ್ಲಿ ತೊಂದರೆಯಿಲ್ಲ. ಪಿ.ಎಚ್. 5.5 ಬಳಸುವವರು ಮಾತ್ರ ಇದನ್ನು ಮೊದಲು ಲೆಕ್ಕ ಹಾಕಿ. ಅಲ್ಲಿ ಔಷಧ ಅಷ್ಟು ಕರಗುವುದೂ ಇಲ್ಲ, ಎಣ್ಣೆ ಬಿಟ್ಟು ಬರುವುದೂ ನಿಧಾನ.

ನಿಗದಿತ ಹೊತ್ತಿಗೆ 1 ಮಿಲಿ ತೆಗೆಯಿರಿ, ಅಷ್ಟೇ ಹೊಸ ಬಫರ್ ತುಂಬಿ. ತೆಗೆದದ್ದರಲ್ಲೂ ಔಷಧ ಹೋಯಿತಲ್ಲ, ಅದನ್ನು ಕೂಡಿಸಬೇಕು. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ, ಆದ್ದರಿಂದ ಲೆಕ್ಕ ಬಿಡಿಸಿ ತೋರಿಸುತ್ತೇನೆ. ಸಂಖ್ಯೆಗಳು ಲೆಕ್ಕ ಕಲಿಯಲು ಹಿಡಿದವು.

ಒಂದು ಗಂಟೆಗೆ ಬಫರ್‌ನಲ್ಲಿ ಮಿಲಿಗೆ 30 ಮೈಕ್ರೋಗ್ರಾಂ ಸಿಕ್ಕಿತು. 12ರಿಂದ ಗುಣಿಸಿದರೆ 360. ಎರಡು ಗಂಟೆಗೆ 40 ಸಿಕ್ಕಿತು. 12 ಗುಣಿಸು 40, ಅಂದರೆ 480. ಮೊದಲು ತೆಗೆದ 1 ಮಿಲಿಯಲ್ಲಿ 30 ಇತ್ತು, ಸೇರಿಸಿದರೆ 510. ನಾಲ್ಕು ಗಂಟೆಗೆ 54 ಸಿಕ್ಕಿತು. 12 ಗುಣಿಸು 54, ಅಂದರೆ 648. ಹಿಂದೆ ತೆಗೆದ 30 ಮತ್ತು 40 ಸೇರಿಸಿದರೆ 718. ಒಟ್ಟು 5000ದಲ್ಲಿ ಇವು ನೂರಕ್ಕೆ 7.2, 10.2, 14.4. ಯು.ವಿ. ಓದಲು ಮಾದರಿಯನ್ನು ತೆಳು ಮಾಡಿದ್ದರೆ ಆ ಗುಣಕವನ್ನು ಮೊದಲು ಹಾಕಿಕೊಳ್ಳಿ. ಔಷಧವಿಲ್ಲದ ಜೆಲ್ ಇಟ್ಟ ಸೆಲ್‌ನ ಓದನ್ನು ಕಳೆಯುವುದು ಮರೆಯಬೇಡಿ.

ಈಗ ಈ ಮೂರನ್ನೂ ಹೊತ್ತಿನ ವರ್ಗಮೂಲದಿಂದ ಭಾಗಿಸಿ. 360ನ್ನು 1ರಿಂದ, 510ನ್ನು 1.414ರಿಂದ, 718ನ್ನು 2ರಿಂದ. ಮೂರೂ ಸುಮಾರು 360 ಬರುತ್ತವೆ. ಬಿಡುಗಡೆ ಹೊತ್ತಿನ ವರ್ಗಮೂಲದ ಜೊತೆ ಏರುತ್ತಿದೆ ಅಂತ ಅರ್ಥ. 1961ರಲ್ಲಿ ಟಿ. ಹಿಗುಚಿ ಕೊಟ್ಟ ಸೂತ್ರ ಇದು. ಅವರು ಅದನ್ನು ಮಾತ್ರೆಗಲ್ಲ, ಮುಲಾಮಿನಲ್ಲಿ ತೇಲುವ ಔಷಧಕ್ಕೆ ಬರೆದದ್ದು, ಹಾಗಾಗಿ ನಮ್ಮ ಕೆಲಸಕ್ಕೆ ಹತ್ತಿರದ್ದು. ಬಿಡುಗಡೆ ಹೊತ್ತಿನ ಎಷ್ಟನೇ ಘಾತದ (ಎನ್) ಜೊತೆ ಏರುತ್ತದೆ ಅಂತ ಹೇಳುವ ಕೋರ್ಸ್‌ಮೇಯರ್-ಪೆಪ್ಪಾಸ್ ಸೂತ್ರ ಹಾಕುವವರು ಮೊದಲ ನೂರಕ್ಕೆ 60ರಷ್ಟು ಬಿಡುಗಡೆಯ ಬಿಂದುಗಳನ್ನು ಮಾತ್ರ ಬಳಸಿ. ಇಲ್ಲಿ ಜೆಲ್ ಹಾಳೆಯಂತೆ ಹರಡಿರುವುದರಿಂದ ಸರಳ ಡಿಫ್ಯೂಷನ್‌ಗೆ ಎನ್ ಬೆಲೆ 0.5 ಆಗಬೇಕು. 0.45 ಸಿಲಿಂಡರ್ ಆಕಾರಕ್ಕೆ. ತುಂಬಾ ಥೀಸಿಸ್‌ಗಳಲ್ಲಿ ಇದನ್ನೇ ಎಲ್ಲದಕ್ಕೂ ಹಾಕಿರುತ್ತಾರೆ.

ಹಂತ 8: ಯಾರು ತಡೆಯುತ್ತಿದ್ದಾರೆ ಅಂತ ಪತ್ತೆ ಹಚ್ಚುವುದು

ಜೆಲ್‌ನಿಂದ ಔಷಧ ನಿಧಾನ ಬಂತು. ತಡೆದದ್ದು ಮೇಣವೋ, ಎಣ್ಣೆಯೋ, ಪೊರೆಯೋ? ಇದಕ್ಕೆ ಉತ್ತರ ಕೊಡದ ಪ್ರಾಜೆಕ್ಟ್ ನನ್ನ ಲೆಕ್ಕದಲ್ಲಿ ಅರ್ಧ ಪ್ರಾಜೆಕ್ಟ್.

ಮೊದಲು ಬಫರ್‌ನಲ್ಲೇ ಕರಗಿಸಿದ ಔಷಧವನ್ನು ಪೊರೆಯ ಮೇಲಿಟ್ಟು ಅಳೆಯಿರಿ. ಅದೂ ನಿಧಾನಕ್ಕೇ ಬಂದರೆ ಪೊರೆಯೇ ಅಡ್ಡಿ, ಬೇರೆ ಪೊರೆ ಹಾಕಬೇಕು. ಆಮೇಲೆ ಮೇಣವಿಲ್ಲದ ಎಣ್ಣೆಯ ಮಾದರಿ. ಅದರ ಬಿಡುಗಡೆಯ ಗೆರೆಯೂ ಜೆಲ್‌ನ ಗೆರೆಯೂ ಹತ್ತಿರ ಹತ್ತಿರ ಬಂದರೆ ಬೇಸರ ಮಾಡಿಕೊಳ್ಳಬೇಡಿ. ನಿಯಂತ್ರಣ ಮಾಡುತ್ತಿರುವುದು ಎಣ್ಣೆ ಅಂತ ನಿಮಗೆ ಗೊತ್ತಾಯಿತು. ಹಾಗಿದ್ದಾಗ ವೇಗ ಬದಲಿಸಲು ಮೇಣ ಮುಟ್ಟಬೇಡಿ, ಎಣ್ಣೆ ಬದಲಿಸಿ ಅಥವಾ ಔಷಧದ ರೂಪ ಬದಲಿಸಿ. ಎರಡು ಗೆರೆಗಳ ನಡುವೆ ದೊಡ್ಡ ಅಂತರ ಬಂದರೆ ಮೇಣದ ಬಲೆ ಕೆಲಸ ಮಾಡುತ್ತಿದೆ.

ಇನ್ನೊಂದು ಚಂದದ ಪರೀಕ್ಷೆ ಇದೆ. ಔಷಧ ನೂರಕ್ಕೆ 1 ಇರುವ ಜೆಲ್, 2 ಇರುವ ಜೆಲ್ ಎರಡನ್ನೂ ಮಾಡಿ. ಹಿಗುಚಿ ಗೆರೆಯ ಓಟ (ಬಿಡುಗಡೆಯನ್ನು ಹೊತ್ತಿನ ವರ್ಗಮೂಲದ ಎದುರು ಬರೆದಾಗ ಗೆರೆ ಏರುವ ವೇಗ) ಎರಡನೆಯದರಲ್ಲಿ ಎರಡು ಪಟ್ಟಾದರೆ ಔಷಧ ಎರಡರಲ್ಲೂ ಕರಗಿದೆ. ಸುಮಾರು 1.4 ಪಟ್ಟು ಮಾತ್ರ ಆದರೆ ಅದರ ಬಹುಪಾಲು ಪುಡಿಯಾಗಿ ತೇಲುತ್ತಿದೆ. ತೇಲುವ ಪುಡಿ ಮೊದಲು ಎಣ್ಣೆಗೆ ಕರಗಿ, ಆಮೇಲೆ ಹೊರಗೆ ಬರಬೇಕು, ಅದಕ್ಕೇ ಪೂರ್ತಿ ದುಪ್ಪಟ್ಟಾಗುವುದಿಲ್ಲ. ಮೂರನೇ ಹಂತದ ಸಂಖ್ಯೆಗೂ ಮೈಕ್ರೋಸ್ಕೋಪಿನ ಚಿತ್ರಕ್ಕೂ ಇದು ತಾಳೆಯಾಗಬೇಕು. ಮೂರೂ ಒಂದೇ ಮಾತು ಹೇಳಿದರೆ ವೈವಾದಲ್ಲಿ ಯಾರು ಏನು ಕೇಳಿದರೂ ಉತ್ತರ ನಿಮ್ಮ ಹತ್ತಿರ ಇರುತ್ತದೆ.

ಬಾಯಿಯ ಮೂಲಕ ಕೊಡುವ ಜೆಲ್ ಮಾಡುವವರಿಗೆ ಒಂದು ಮಾತು. ಬರೀ ಬಫರ್‌ನಲ್ಲಿ ನೋಡಿದರೆ ಸಾಲದು. ಕರುಳಿನಲ್ಲಿ ಲೈಪೇಸ್ ಅನ್ನೋ ಕಿಣ್ವ ಎಣ್ಣೆಯನ್ನೇ ಜೀರ್ಣ ಮಾಡುತ್ತದೆ, ಪಿತ್ತರಸ ಅದನ್ನು ಹನಿಯಾಗಿ ಒಡೆಯುತ್ತದೆ. ಅಲ್ಲಿ ಬಲೆಯ ಗಟ್ಟಿತನಕ್ಕೆ ಹೆಚ್ಚು ಬೆಲೆ ಇದೆ, ಏಕೆಂದರೆ ಜೆಲ್ ಒಡೆಯುವ ವೇಗವೇ ಬಿಡುಗಡೆಯ ವೇಗವಾಗಬಹುದು. 37 ಡಿಗ್ರಿಯಲ್ಲಿ ಲೈಪೇಸ್, ಪಿತ್ತಲವಣ ಸೇರಿಸಿ ಇನ್ನೊಂದು ಪ್ರಯೋಗ ಮಾಡಬೇಕು.

ಹಂತ 9: ನಮ್ಮ ಬೇಸಿಗೆಗೆ ತಡೆಯುತ್ತದೆಯೇ

40 ಡಿಗ್ರಿ, ನೂರಕ್ಕೆ 75 ತೇವಾಂಶದ ಸ್ಟೆಬಿಲಿಟಿ ಚೇಂಬರ್ (ಉಷ್ಣತೆ, ತೇವ ಎರಡನ್ನೂ ಸ್ಥಿರವಾಗಿಡುವ ಪೆಟ್ಟಿಗೆ) ಪುಸ್ತಕದಲ್ಲಿ ಬರುವ ಕಠಿಣ ಪರೀಕ್ಷೆ. ಉಷ್ಣತೆಯ ಮಟ್ಟಿಗೆ ನಮ್ಮ ಏಪ್ರಿಲ್, ಮೇ ತಿಂಗಳು ಅದರಿಂದ ಬಹಳ ದೂರವಿಲ್ಲ. ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಮಧ್ಯಾಹ್ನ ಹೋಗುವ ಪಾರ್ಸಲ್ ವ್ಯಾನಿನ ಒಳಗೆ ಅದಕ್ಕಿಂತ ಹೆಚ್ಚೇ ಇರುತ್ತದೆ. ಆದ್ದರಿಂದ ಚೇಂಬರ್ ಜೊತೆಗೆ ಇದನ್ನೂ ಮಾಡಿ: ಹಗಲು 45 ಡಿಗ್ರಿ ಓವನ್, ರಾತ್ರಿ 25 ಡಿಗ್ರಿ, ಹೀಗೆ ಐದಾರು ಸುತ್ತು. ಮೇಣ ಸ್ವಲ್ಪ ಸ್ವಲ್ಪ ಕರಗಿ ಮತ್ತೆ ನಿಧಾನಕ್ಕೆ ಹರಳಾಗುತ್ತಾ ಹೋದಂತೆ ಹರಳು ದೊಡ್ಡದಾಗುತ್ತದೆ, ಜೆಲ್ ಎಣ್ಣೆ ಬಿಡಲು ಶುರುಮಾಡುತ್ತದೆ. ಹಾಗಾದರೆ ಜೇನುಮೇಣದ ಒಂದೆರಡು ಭಾಗ ತೆಗೆದು ಅಷ್ಟೇ ತೌಡಿನ ಮೇಣ ಅಥವಾ ಕಾರ್ನೌಬಾ ಮೇಣ ಹಾಕಿ ನೋಡಿ. ಇವು 80 ಡಿಗ್ರಿಯ ಆಸುಪಾಸಿನಲ್ಲಿ ಕರಗುವುದರಿಂದ ಎಣ್ಣೆಯನ್ನು 90 ಡಿಗ್ರಿಯವರೆಗೆ ಕಾಯಿಸಬೇಕಾಗುತ್ತದೆ, ಔಷಧವನ್ನು ಇನ್ನಷ್ಟು ಹುಷಾರಾಗಿ ಸೇರಿಸಬೇಕಾಗುತ್ತದೆ.

ತಿಂಗಳಿಗೊಮ್ಮೆ ಪೆರಾಕ್ಸೈಡ್ ವ್ಯಾಲ್ಯೂ, ಔಷಧದ ಪ್ರಮಾಣ, ಎಣ್ಣೆ ಹಿಡಿಯುವ ಶಕ್ತಿ ಮೂರನ್ನೂ ನೋಡಿ. ಮೂರನೇ ತಿಂಗಳಿಗೂ ಆರನೇ ತಿಂಗಳಿಗೂ ಬಿಡುಗಡೆಯ ಪ್ರಯೋಗವನ್ನು ಮತ್ತೆ ಮಾಡಿ. ನೋಡಲು ಚೆನ್ನಾಗಿಯೇ ಇರುವ ಜೆಲ್‌ನ ಒಳಗೆ ಔಷಧ ಹರಳಾಗಿದ್ದರೆ ಹಿಗುಚಿ ಗೆರೆಯ ಓಟ ಇಳಿದಿರುತ್ತದೆ. ಜಾಡಿಗೆ ಬೆಳಕು ತಾಗದ ಕಂದು ಗಾಜು ಬಳಸಿ, ಮೇಲೆ ಗಾಳಿಗೆ ಜಾಗ ಬಿಡದಂತೆ ತುಂಬಿ. ಎಂಟು ಗಂಟೆಯ ಬಿಡುಗಡೆ ಪ್ರಯೋಗದ ನಡುವೆ ಕರೆಂಟ್ ಹೋದರೆ ಉಷ್ಣತೆ ಇಳಿಯುತ್ತದೆ, ಆ ದಿನದ ಓದು ಕೆಲಸಕ್ಕೆ ಬಾರದು. ನೀರು ಸುತ್ತಿಸುವ ಪಂಪು, ಹೀಟರು ಎರಡನ್ನೂ ಯು.ಪಿ.ಎಸ್.ಗೆ ಹಾಕಿಸಿಕೊಂಡೇ ಶುರುಮಾಡಿ.